ಬೇರಿಯಂ ಊಟ

ಉಪ್ಪಿಲ್ಲ, ಹುಳಿಯಿಲ್ಲ, ಇನ್ನಷ್ಟು ಹಾಕಿಸಿಕೊಳ್ಳಿರೆಂಬ ಉಪಚಾರವಿಲ್ಲ. ಸುಣ್ಣದ ತಿಳಿಗಿಂತ ಮಂದವಾದ ಬಿಳಿಯ ನೀರನ್ನು ಬರಿಹೊಟ್ಟೆಯಲ್ಲಿ ಗಟಗಟನೆ ಕುಡಿಯುವುದಕ್ಕೆ 'ಮೀಲ್' ಎಂದು ಹೆಸರಿಟ್ಟವರು ಬಹಳ ಕಷ್ಟದಲ್ಲಿ ಊಟ ಮಾಡಿದವರಿರಬೇಕು. ನಳಿಗೆ ಇಳಿಸಿ ನೋಡುವ ಎಂಡೋಸ್ಕೋಪಿಯೂ ಸ್ಕ್ಯಾನುಗಳೂ ಬಂದಮೇಲೆ ಈ ಪಂಕ್ತಿಯಲ್ಲಿ ಕೂರುವವರು ಕಡಿಮೆಯಾಗಿದ್ದಾರೆ, ಪಂಕ್ತಿಯೇನೂ ಎದ್ದುಹೋಗಿಲ್ಲ.

ರೋಂಟ್ಜೆನ್ 1895ರಲ್ಲಿ ಕಂಡುಹಿಡಿದ ಕಿರಣಕ್ಕೆ ಮೂಳೆ ಕಾಣುತ್ತಿತ್ತು, ಕರುಳು ಕಾಣುತ್ತಿರಲಿಲ್ಲ. ಮರುವರ್ಷವೇ ಹಾರ್ವರ್ಡಿನ ವಿದ್ಯಾರ್ಥಿ ವಾಲ್ಟರ್ ಕ್ಯಾನನ್ ಪ್ರಾಣಿಗಳಿಗೆ ಬಿಸ್ಮತ್ ಬೆರೆಸಿದ ಆಹಾರ ತಿನ್ನಿಸಿ, ಅದು ಒಳಗೆ ಇಳಿಯುವುದನ್ನು ನೋಡತೊಡಗಿದ. 1910ರ ಸುಮಾರಿಗೆ ಬಿಸ್ಮತ್ತಿನ ಜಾಗಕ್ಕೆ ಬೇರಿಯಂ ಸಲ್ಫೇಟು ಬಂತು. ಇದರ ದಾಯಾದಿ ಬೇರಿಯಂ ಕಾರ್ಬೊನೇಟು ಇಲಿಪಾಷಾಣ. ಸಲ್ಫೇಟು ಮಾತ್ರ ನೀರಿನಲ್ಲಿ ಕರಗದು, ರಕ್ತಕ್ಕೆ ಸೇರದು; ಆದ್ದರಿಂದಲೇ ನಿರಪಾಯಕಾರಿ.

ಆದರೆ ಕರಗದ ಅತಿಥಿ ತಾನಾಗಿ ಹೊರಗೆ ನಡೆಯಬೇಕಷ್ಟೆ. ದೊಡ್ಡ ಕರುಳಿನ ಕಸುಬೇ ನೀರು ಹೀರುವುದು. ನಿಧಾನದ ಕರುಳಿನಲ್ಲಿ ನೀರೆಲ್ಲ ಹೋಗಿ ಬೇರಿಯಂ ಗಾರೆಯಂತೆ ಗಟ್ಟಿಯಾಗುವುದುಂಟು. ವೈದ್ಯರು ಅದನ್ನು ಬೇರೋಲಿತ್ ಎನ್ನುತ್ತಾರೆ. ಬಹಳ ಅಪರೂಪ.

ಆ ಅಪರೂಪ ನಮ್ಮ ಸೋದರತ್ತೆಯವರ ಪಾಲಿಗೆ ಬಂತು. ಎಪ್ಪತ್ತನಾಲ್ಕು ವರ್ಷ, ಮೊದಲೇ ಮಲಬದ್ಧತೆ, ರಾತ್ರಿ ಏಳಬೇಕಾಗುತ್ತದೆಂದು ನೀರು ಕುಡಿಯುವುದರಲ್ಲಿ ಜಿಪುಣತನ. ಪರೀಕ್ಷೆಯಾದ ಮೇಲೆ ಮಗ ದಿನವೂ "ಹೇಗಿದೀಯಮ್ಮ?" ಎನ್ನುತ್ತಿದ್ದ. "ಚೆನ್ನಾಗಿದೀನಪ್ಪ" ಎನ್ನುತ್ತಿದ್ದರು. ನಾಲ್ಕು ದಿನದಿಂದ ಹೊರಕಡೆಗೆ ಹೋಗಿಲ್ಲವೆಂಬುದನ್ನು ಮಗನಿಗೆ ಹೇಳುವುದೆಂತು? ನಮ್ಮ ಮನೆಗಳಲ್ಲಿ ಬಾಯಿಗೆ ಹೋದದ್ದರ ವಿಚಾರಣೆ ಮೂರು ಹೊತ್ತೂ ನಡೆಯುತ್ತದೆ. ಮುಂದಿನದರ ಬಗ್ಗೆ ಸಂಭಾವಿತರು ಮಾತಾಡರು. ಆರನೆಯ ದಿನ ಹೊಟ್ಟೆ ಉಬ್ಬಿ ವಾಂತಿ ಶುರುವಾದಾಗ ನಾಚಿಕೆ ಸೋತಿತು.

ಎಕ್ಸ್-ರೇಯಲ್ಲಿ ನಿಂಬೆಹಣ್ಣಿನಷ್ಟು ಗಾತ್ರದ ಅಚ್ಚಬಿಳಿ ಉಂಡೆ ಕಂಡಿತು. ಕರುಳು ಒಡೆದು ಬೇರಿಯಂ ಉದರಕುಹರಕ್ಕೆ ಚೆಲ್ಲಿದರೆ ಪ್ರಾಣಕ್ಕೇ ಸಂಚಕಾರ. ಕರುಳಿಗೆ ತೂತು ಬಿದ್ದಿರುವ ಅನುಮಾನವಿದ್ದರೆ ವೈದ್ಯರು ಬೇರಿಯಂ ಬಿಟ್ಟು ನೀರಿನಲ್ಲಿ ಕರಗುವ ಅಯೋಡಿನ್ ದ್ರಾವಣ ಕೊಡುವುದು ಇದಕ್ಕೇ. ಎರಡು ದಿನ ಎಣ್ಣೆಯ ಎನಿಮಾ, ನೀರಿನ ಎನಿಮಾ. ಅತ್ತ ಶಸ್ತ್ರವೈದ್ಯರು ಕಾದಿದ್ದರು. ಮಗ ವರಾಂಡದ ಬೆಂಚು ಬಿಟ್ಟು ಏಳಲಿಲ್ಲ. ಮೂರನೆಯ ಬೆಳಗ್ಗೆ ನರ್ಸು ಹೊರಗೆ ಬಂದು ಹೇಳಿದ ಸುದ್ದಿಯನ್ನು ಅವನು ಮಗು ಹುಟ್ಟಿದ ಸುದ್ದಿಯಂತೆ ಊರಿಗೆಲ್ಲ ಫೋನು ಮಾಡಿ ತಿಳಿಸಿದ.

ಪರೀಕ್ಷೆಯ ಬಳಿಕ ಧಾರಾಳವಾಗಿ ನೀರು ಕುಡಿಯುವುದು, ವೈದ್ಯರು ಹೇಳಿದರೆ ಮೃದುವಾದ ಭೇದಿಮದ್ದು, ಒಂದೆರಡು ದಿನ ಮಲ ಬೆಳ್ಳಗಿರುತ್ತದೆಂಬ ತಿಳಿವಳಿಕೆ, ಎರಡು ದಿನ ಕಟ್ಟಿದರೆ ಆಸ್ಪತ್ರೆಗೆ ಹೇಳುವುದು: ಇಷ್ಟನ್ನೂ ಅತ್ತೆಯವರು ಕಂಠಪಾಠ ಮಾಡಿಕೊಂಡಿದ್ದಾರೆ. ನೆಂಟರಲ್ಲಿ ಯಾರು ಬೇರಿಯಂ ಕುಡಿದರೂ ಮರುದಿನ ಬೆಳಗ್ಗೆ ಅವರ ಫೋನು ಬರುತ್ತದೆ. ಕುಶಲಪ್ರಶ್ನೆಯೆಲ್ಲ ಆಮೇಲೆ.

"ಬಿಳೀದು ಹೊರಕ್ಕೆ ಬಂತೇನಪ್ಪ?"