ಏಳನೇ ತಿರುವಿನಲ್ಲಿ ನಿಂತ ಕಾರು

ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವು. ಸೋಮೇಶ್ವರದಿಂದ ಹತ್ತುವಾಗ ಎಣಿಸೋದು ಚಿಕ್ಕಂದಿನ ಅಭ್ಯಾಸ. ಆ ಸಂಜೆ ಏಳು ಎಣಿಸಿದ್ದೆ ಅಷ್ಟೇ, ಕಾರು ನಿಂತುಹೋಯ್ತು. ಕೆಮ್ಮಲಿಲ್ಲ, ನಡುಗಲಿಲ್ಲ. ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ.

ಹಿಂದಿನ ಸೀಟಲ್ಲಿ ಅಮ್ಮ ಇದ್ದಳು. ಉಡುಪಿಯಲ್ಲಿ ಕಣ್ಣಿಗೆ ಇಂಜೆಕ್ಷನ್ ಮಾಡಿಸಿಕೊಂಡು ಬರುತ್ತಿದ್ದೆವು. ತಿಂಗಳಿಗೊಮ್ಮೆ ಈ ಘಾಟಿ ಇಳಿದು ಹತ್ತಲೇಬೇಕು.

ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಭಾರವಾಗುತ್ತೆ. ಬ್ರೇಕ್ ಒಂದೆರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಗಾಬರಿಯಾಗಿ ಮತ್ತೆ ಮತ್ತೆ ಒತ್ತಬಾರದು, ಒಮ್ಮೆ ಬಲವಾಗಿ ಒತ್ತಿ ಹಿಡಿಯಬೇಕು. ಹ್ಯಾಂಡ್‌ಬ್ರೇಕ್ ಎಳೆದೆ, ನಾಲ್ಕೂ ಇಂಡಿಕೇಟರ್ ಹಾಕಿದೆ. ಅಪ್ಪ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಮಿನಿ ಬಸ್ಸೊಂದು ಹಾರ್ನ್ ಹೊಡೆದು ಸುತ್ತಿಕೊಂಡು ಹೋಯ್ತು. ಕಾಡಿನೊಳಗೆ ಆಗಲೇ ಕತ್ತಲು ಇಳೀತಿತ್ತು.

“ಎಂತ ಮಾರಾಯ್ತಿ, ಮೂರನೇ ಸಲ ಇದು. ಮಾರಿಬಿಡೋಣ, ಬಸ್ಸಿಗೆ ಹೋದರಾಯ್ತು” ಅಂದರು ಅಪ್ಪ. ಅಮ್ಮ ಮಾತಾಡಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಸ್ಸು ಬದಲಾಯಿಸಿ ಮನೆ ಸೇರೋದು ಅವಳಿಗೇ ತಾನೇ?

ಹಿಂದೆ ಎರಡು ಸಲ ಗ್ಯಾರೇಜಿಗೆ ಕೊಟ್ಟಿದ್ದೆವು. ಪ್ಲಗ್ ಬದಲಾಯಿತು, ಪೆಟ್ರೋಲ್ ಪಂಪ್ ಬದಲಾಯಿತು. ಅಲ್ಲಿಗೆ ಹೋಗುವಷ್ಟರಲ್ಲಿ ಎಂಜಿನ್ ಆರಿರುತ್ತಿತ್ತು, ಕಾರು ಒಳ್ಳೇ ಹುಡುಗನ ಹಾಗೆ ಸ್ಟಾರ್ಟ್ ಆಗ್ತಿತ್ತು. ನಿಂತಾಗಲೇ ನೋಡಿದವರು ಯಾರೂ ಇಲ್ಲ.

ಈ ಸಲ ನನ್ನ ಬ್ಯಾಗಲ್ಲಿ ಬ್ಲೂಟೂತ್ ಒಬಿಡಿ ರೀಡರ್ ಇತ್ತು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಫೋನಲ್ಲಿ ಆ್ಯಪ್ ತೆರೆದು ಕೀ ತಿರುಗಿಸಿದೆ. ಸ್ಟಾರ್ಟರ್ ತಿರುಗ್ತಾ ಇದೆ, ಆರ್‌ಪಿಎಂ ಮಾತ್ರ ಸೊನ್ನೆ. ಕೋಡ್ ಪಿ0335. ಅಂದ್ರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿಂಗ್. ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಇಪ್ಪತ್ತು ನಿಮಿಷದ ಮೇಲೆ ಕಾರು ತಾನಾಗೇ ಸ್ಟಾರ್ಟ್ ಆಯ್ತು. ಕಲ್ಲು ತೆಗೆದು ಬದಿಗಿಟ್ಟು ನಿಧಾನಕ್ಕೆ ಮನೆ ಸೇರಿದೆವು.

ಈ ಸೆನ್ಸರ್ ಬೆರಳುದ್ದದ್ದು. ಕ್ರ್ಯಾಂಕ್‌ಶಾಫ್ಟ್ ಜೊತೆ ತಿರುಗುವ ಚಕ್ರದ ಹಲ್ಲುಗಳನ್ನು ಎಣಿಸೋದು ಅದರ ಕೆಲಸ. ಯಾವಾಗ ಪೆಟ್ರೋಲ್ ಸಿಂಪಡಿಸಬೇಕು, ಯಾವಾಗ ಕಿಡಿ ಕೊಡಬೇಕು ಅಂತ ಇಸಿಯುಗೆ ತಿಳಿಯೋದು ಆ ಲೆಕ್ಕದಿಂದ. ಹಳೆಯದಾದಾಗ ಒಳಗಿನ ಸಣ್ಣ ತಂತಿಯ ಸುರುಳಿ ಬಿಸಿಗೆ ಹಿಗ್ಗಿ ಸಂಪರ್ಕ ಕಳಕೊಳ್ಳಬಹುದು, ಆರಿದ ಮೇಲೆ ಮತ್ತೆ ಕೂಡಿಕೊಳ್ಳಬಹುದು. ಬಯಲು ಸೀಮೆಯಲ್ಲಿ ಸುಮ್ಮನಿದ್ದ ಕಾರು ಘಾಟಿ ಹತ್ತುವಾಗಲೇ ಕೈಕೊಟ್ಟಿದ್ದು ಇದಕ್ಕೇ.

ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಅಂಗಳದಲ್ಲಿ ಬಾನೆಟ್ ಎತ್ತಿದೆವು. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಏರ್ ಫಿಲ್ಟರ್ ಡಬ್ಬಿ ತೆಗೆದೆವು. ನಮ್ಮ ಕಾರಲ್ಲಿ ಸೆನ್ಸರ್ ಇರೋದು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ, ಮೇಲಿಂದಲೇ ಕೈ ಹೋಗುತ್ತೆ. ನಿಮ್ಮದರಲ್ಲಿ ಕೆಳಗಿದ್ದರೆ ಬರೀ ಜಾಕ್ ನಂಬಿ ಕಾರಿನಡಿ ನುಗ್ಗಬೇಡಿ, ಸ್ಟ್ಯಾಂಡ್ ಬೇಕೇಬೇಕು. ವೈರು, ಕನೆಕ್ಟರ್ ನೋಡಿದೆವು, ಸರಿಯಾಗೇ ಇತ್ತು. ಇದ್ದಿದ್ದು ಒಂದೇ ಬೋಲ್ಟು, 10ರ ಸ್ಪ್ಯಾನರ್ ಸಾಕಾಯ್ತು. ಸೆನ್ಸರ್ ಮಾತ್ರ ಅಂಟಿಕೊಂಡಿತ್ತು. ಅಪ್ಪ ಸ್ಕ್ರೂಡ್ರೈವರ್ ಹಿಡಿದು ಬಂದರು. “ಬೇಡಪ್ಪ, ಮುರಿದು ಒಳಗೇ ಉಳಿಯುತ್ತೆ” ಅಂದೆ. ಸ್ವಲ್ಪ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಹತ್ತು ನಿಮಿಷ ಕಾದು, ಅತ್ತಿತ್ತ ತಿರುಗಿಸಿದಾಗ ಬಂತು.

ನಮ್ಮದು ಎರಡು ಪಿನ್ನಿನ ಸುರುಳಿ ಸೆನ್ಸರ್, ಹಾಗಾಗಿ ಮಲ್ಟಿಮೀಟರ್‌ನಲ್ಲಿ ನೋಡಬಹುದು. ಮೂರು ಪಿನ್ನಿನದಕ್ಕೆ ಈ ಪರೀಕ್ಷೆ ಬೇಡ. ತಣ್ಣಗಿದ್ದಾಗ ಓಮ್ಸ್ ಸರಿಯಾಗೇ ತೋರಿಸಿತು. ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅಂಕಿ ಮಾಯ, ಸಂಪರ್ಕವೇ ಇಲ್ಲ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ಓ, ಇದಕ್ಕಾ ನಾವು ಪಂಪ್ ಹಾಕಿಸಿದ್ದು!”

ಹಳೇ ಸೆನ್ಸರನ್ನು ಕಿಸೆಗೆ ಹಾಕಿಕೊಂಡು ಅಪ್ಪ ಸ್ಕೂಟರಲ್ಲಿ ತೀರ್ಥಹಳ್ಳಿಗೆ ಹೋದರು, ನಂಬರ್ ಹೊಂದಿಸಿ ಹೊಸದು ತಂದರು. ಕೂರುವ ಜಾಗದ ಲೋಹದ ಪುಡಿ ಒರೆಸಿ, ರಬ್ಬರ್ ಉಂಗುರಕ್ಕೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಕೈಯಲ್ಲೇ ಒತ್ತಿ ಕೂರಿಸಿದೆವು. ಬಡಿಯಬಾರದು, ಬೋಲ್ಟ್ ಅತಿಯಾಗಿ ಬಿಗಿಯಲೂಬಾರದು. ವೈರು ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಕಟ್ಟಿ, ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿದೆ. ಕೀ ತಿರುಗಿಸಿದಾಗ ಆರ್‌ಪಿಎಂ ಮೇಲೆದ್ದಿತು.

ಅಮ್ಮನನ್ನು ಕೂರಿಸುವ ಮೊದಲು ನಾವಿಬ್ಬರೇ ಒಮ್ಮೆ ಘಾಟಿ ಇಳಿದು ಹತ್ತಿದೆವು. ಮುಂದಿನ ತಿಂಗಳು ಅವಳೂ ಬಂದಳು. ವಾಪಸ್ ಬರುವಾಗ ಏಳನೇ ತಿರುವಲ್ಲಿ ಮೂವರೂ ಸುಮ್ಮನಾದೆವು. ಕಾರು ದಾಟಿತು. ಮೇಲೆ ಮುಟ್ಟಿದಾಗ ಪಟ್ಟಿ ಕಟ್ಟಿಕೊಂಡಿದ್ದ ಅಮ್ಮ ಹಿಂದಿನಿಂದ ಹೇಳಿದಳು, “ಹದಿನಾಲ್ಕು.”

ಮಾರುವ ಮಾತನ್ನು ಅಪ್ಪ ಮತ್ತೆ ಎತ್ತಿಲ್ಲ.