ವಾರಕ್ಕೆ 180 ಕಿಲೋಮೀಟರ್

ಸಂಜೆ ಐದೂವರೆಗೆ ಶಿರಾ ಹತ್ತಿರ, ಹೆದ್ದಾರಿ ಪಕ್ಕದ ಟೀ ಅಂಗಡಿ ಬೆಂಚಿನ ಮೇಲೆ ಮಂಡಿ ಹಿಡ್ಕೊಂಡು ಕೂತಿದ್ದೆ. ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟು, ಹಿರಿಯೂರಿನ ಹತ್ತಿರದವರೆಗೆ ಹೋಗಿ, ವಾಪಸ್ ಬರ್ತಾ ಇದ್ದೆ. ಬ್ರೆವೆ ಅಂತಾರಲ್ಲ, ಅದು. ರೇಸ್ ಅಲ್ಲ, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. 300 ಕಿ.ಮೀ.ನ 20 ಗಂಟೆಯೊಳಗೆ ಮುಗಿಸಿದರೆ ಸಾಕು. ನನಗಿನ್ನೂ ಎಂಟೂವರೆ ಗಂಟೆ ಉಳಿದಿತ್ತು, ದಾರಿ 120 ಕಿ.ಮೀ. ಲೆಕ್ಕದಲ್ಲಿ ಆರಾಮಾಗಿ ಆಗುವಂಥದ್ದೇ. ಬಲಮಂಡಿ ಮಾತ್ರ ಒಪ್ಪಲಿಲ್ಲ.

ಬಸ್ಸಿನ ಡಿಕ್ಕಿಗೆ ಸೈಕಲ್ ತುರುಕುವಾಗ ಕಂಡಕ್ಟರ್ ಕೇಳಿದರು, "ಏನ್ ಸಾರ್, ಪಂಚರಾ?" ಹೂಂ ಅಂದೆ. ನಿಜ ಹೇಳೋಕೆ ನಾಚಿಕೆ.

ಯಾಕಂದ್ರೆ ನಾನು ತಯಾರಿಯಿಲ್ಲದೆ ಹೋದವನಲ್ಲ. ಬನಶಂಕರಿಯ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ 18 ಕಿ.ಮೀ. ಹೋಗ್ತಾ ಬರ್ತಾ ಐದು ದಿನ ತುಳಿದರೆ ವಾರಕ್ಕೆ 180. ಮನೆಯಲ್ಲಿ ಆಗಿದ್ದ ಒಪ್ಪಂದವೂ ಅದೇ: ಆಫೀಸಿನ ದಾರಿಯೇ ನನ್ನ ಪ್ರಾಕ್ಟೀಸು, ತಿಂಗಳಿಗೆ ಒಂದು ಭಾನುವಾರ ಮಾತ್ರ ಸೈಕಲ್ಲಿಗೆ, ಮಿಕ್ಕಿದ್ದು ಮಗಳಿಗೆ. ನನ್ನ ಮಂಡಿ ಕೈಕೊಟ್ಟಿದ್ದೂ ಸರಿಯಾಗಿ 180ನೇ ಕಿಲೋಮೀಟರಿನಲ್ಲೇ!

ಮಾರನೇ ದಿನ ಕಾಲು ಚಾಚಿ ಕೂತು ಯೋಚಿಸಿದೆ. ಹೆಂಡತಿ ಹತ್ರ ಇನ್ನೆರಡು ಭಾನುವಾರ ಕೇಳೋಣವೇ? ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ, "ಅಲ್ಲ ರೀ, ದಿನಾ ತುಳೀತೀರಲ್ಲ, ಆ ತುಳಿದಿದ್ದೆಲ್ಲ ಎಲ್ಲಿ ಹೋಯ್ತು?" ಅಂದಳು. ಕುಹಕವಲ್ಲ, ನಿಜವಾಗಲೂ ಕೇಳಿದ್ದು.

ಎಲ್ಲಿ ಹೋಯ್ತು ಅಂದ್ರೆ, ಸಿಗ್ನಲ್ಲುಗಳಿಗೆ ಹೋಯ್ತು. ಈ ದಾರಿಯಲ್ಲಿ ಹತ್ತು ನಿಮಿಷ ಬಿಡದೆ ಪೆಡಲ್ ತುಳಿಯೋ ಭಾಗ್ಯ ನನಗೆ ಒಂದು ದಿನವೂ ಸಿಕ್ಕಿಲ್ಲ. ಸಿಲ್ಕ್ ಬೋರ್ಡ್ ಬಗ್ಗೆ ಹೊಸದಾಗಿ ಹೇಳೋದೇನಿದೆ. ಹಸಿರು ಬಿದ್ದ ತಕ್ಷಣ ಪಕ್ಕದ ಸ್ಕೂಟರಿನವನ ಮೇಲೆ ಜಿದ್ದಿಗೆ ಬಿದ್ದು, ಗೇರ್ ಇಳಿಸದೆ, ಸೀಟಿನಿಂದೆದ್ದು ಒದೆಯೋದು. ಮುಂದಿನ ಕೆಂಪಿಗೆ ಬ್ರೇಕು. ಬೆನ್ನಿಗೆ ಲ್ಯಾಪ್‌ಟಾಪ್ ಬೇರೆ. ಆ ಒದೆತವೆಲ್ಲ ಮಂಡಿಗೇ. ಐದೂ ದಿನ ಹೀಗೆ ಅರೆಬರೆ ಸುಸ್ತು. ಪೂರ್ತಿ ದುಡಿಮೆಯೂ ಅಲ್ಲ, ಪೂರ್ತಿ ವಿಶ್ರಾಂತಿಯೂ ಅಲ್ಲ.

ಹಾಗಾಗಿ ದಾರಿ ಅದೇ ಇಟ್ಟು, ತುಳಿಯೋದು ಬದಲಾಯಿಸಿದೆ. ಸೋಮವಾರ, ಶುಕ್ರವಾರ ಎಷ್ಟು ನಿಧಾನ ಅಂದ್ರೆ, ಹಾಲಿನ ಕ್ಯಾನ್ ಕಟ್ಟಿಕೊಂಡವರೂ ನನ್ನ ದಾಟಿ ಹೋಗ್ತಾರೆ. ಮೊದಮೊದಲು ಇದೇ ಕಷ್ಟವಾಗಿದ್ದು, ಕಾಲಿಗಲ್ಲ, ಜಂಬಕ್ಕೆ. ಕೆಂಪು ಕಾಣುತ್ತಿದ್ದಂತೆ ಗೇರ್ ಹಗುರ ಮಾಡ್ತೀನಿ. ಬೆನ್ನಿನ ಭಾರ ಇಳಿಸಿ ಕ್ಯಾರಿಯರ್ ಪಕ್ಕದ ಚೀಲಕ್ಕೆ ಹಾಕಿದ್ದೀನಿ. (ಆ ಚೀಲ ನೋಡಿ ಆಫೀಸಿನ ಗೇಟಲ್ಲಿ ಹೊಸ ಸೆಕ್ಯೂರಿಟಿಯವರು "ಡೆಲಿವರಿನಾ? ಹಿಂದಿನ ಗೇಟಿಗೆ ಹೋಗಿ" ಅಂದರು. ಹೋದೆ. ಅಲ್ಲೇ ನೆರಳಿದೆ, ಈಗಲೂ ಅಲ್ಲೇ ನಿಲ್ಲಿಸೋದು.) ಗುರುವಾರ ಸೈಕಲ್ಲೇ ಇಲ್ಲ, ಬಸ್ಸು.

ಬುಧವಾರ ಸಂಜೆ ಮಾತ್ರ ನನ್ನದು. ಆಫೀಸಿಂದ ನೇರ ಮನೆಗೆ ಬರದೆ ಜಿಗಣಿ, ಬನ್ನೇರುಘಟ್ಟ ಸುತ್ತಿ ಬರ್ತೀನಿ. ದೂರ ಸುಮಾರು ಎರಡು ಪಟ್ಟು, ಸಿಗ್ನಲ್ಲು ಬೆರಳೆಣಿಕೆಯಷ್ಟು. ಹಸಿವಾಗುವ ಮೊದಲೇ ಒಂದು ಬಾಳೆಹಣ್ಣು, ಎರಡು ಕಡಲೆಮಿಠಾಯಿ. ಕತ್ತಲಲ್ಲಿ ಹೆಡ್‌ಲೈಟಿನ ಬೆಳಕು ಎಷ್ಟು ಹೊತ್ತು ಬರುತ್ತೆ, ಲಾರಿ ಹಾದುಹೋದಾಗ ಹ್ಯಾಂಡಲ್ ಎಷ್ಟು ಗಟ್ಟಿ ಹಿಡೀಬೇಕು, ಇವೆಲ್ಲ ಅಲ್ಲೇ ಕಲಿತದ್ದು. ಒಮ್ಮೆ ಜಿಗಣಿ ದಾಟಿದ ಮೇಲೆ ಮಳೆಯಲ್ಲಿ ಟ್ಯೂಬ್ ಬದಲಾಯಿಸಿದೆ, ನಲವತ್ತು ನಿಮಿಷ ಹಿಡಿಯಿತು. ಮನೆಯಲ್ಲಿ ಸಾರು ಆರಿತ್ತು, ಮಗಳು ಮಲಗಿದ್ದಳು. ಆ ಬುಧವಾರದ ಬೆಲೆ ನಾನೊಬ್ಬನೇ ಕೊಡ್ತಿಲ್ಲ ಅಂತ ಆಗ ಗೊತ್ತಾಯ್ತು. ಈಗ ಮಂಗಳವಾರ ಏಳಕ್ಕೆಲ್ಲ ಮನೆಯಲ್ಲಿರ್ತೀನಿ. ಮಗ್ಗಿ ಒಪ್ಪಿಸಿಕೊಳ್ಳೋದು ನನ್ನ ಕೆಲಸ.

ಈ ವರ್ಷ ಅದೇ 300ನ್ನು 18 ಗಂಟೆ 50 ನಿಮಿಷದಲ್ಲಿ ಮುಗಿಸಿದೆ. ಶಿರಾದ ಅದೇ ಅಂಗಡಿಯಲ್ಲಿ ನಿಲ್ಲಿಸಿ, ನಿಂತುಕೊಂಡೇ ಟೀ ಕುಡಿದೆ. ಕೂರೋಕೆ ಧೈರ್ಯ ಬರಲಿಲ್ಲ.

ಮುಂದಿನದು 400, 27 ಗಂಟೆ. ಅಂದ್ರೆ ಒಂದು ರಾತ್ರಿ ಪೂರ್ತಿ ರಸ್ತೆ ಮೇಲೆ. ಮನೆಯಲ್ಲಿ ಇನ್ನೂ ವಿಷಯ ಎತ್ತಿಲ್ಲ. ಮಂಗಳವಾರ ಕೇಳೋಣ ಅಂತಿದ್ದೀನಿ, ಹನ್ನೆರಡರ ಮಗ್ಗಿ ಮುಗಿದ ಮೇಲೆ.