ಎಡಗೈ ಮಗನಿಗೊಂದು ಮೌಸ್

ನನ್ನ ಮಗ ಎಡಚ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬಳಪ ಹಿಡಿದರೆ ಸಾಕು, ಕೈಮೇಲೆ ಏಟು ಕೊಡುತ್ತಿದ್ದೆ. ಮೊನ್ನೆ, "ಅಮ್ಮಾ, ಕಂಪ್ಯೂಟರ್ ಆಟಕ್ಕೆ ವೈರಿಲ್ಲದ ಮೌಸ್ ಬೇಕು" ಅಂದ. ಲೊಕ್ಕನಹಳ್ಳಿಯಿಂದ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋದೆವು. ಅಂಗಡಿಯಾತ ತೋರಿಸಿದ್ದರಲ್ಲೆಲ್ಲ ಪಕ್ಕದ ಗುಂಡಿಗಳು ಎಡಭಾಗದಲ್ಲೇ, ಬಲಗೈ ಹೆಬ್ಬೆರಳಿಗೆ. ಇವನು ಹಿಡಿದರೆ ಅವು ಕಿರುಬೆರಳಿನ ಕಡೆಗೆ ಬರುತ್ತವೆ! ಕೊನೆಗೆ ಎರಡೂ ಪಕ್ಕ ಗುಂಡಿಯಿರುವ ಮೌಸ್ ಸಿಕ್ಕಿತು. ಯಾವ ಗುಂಡಿಗೆ ಯಾವ ಕೆಲಸವೆಂದು ನಾವೇ ಗೊತ್ತುಮಾಡಬಹುದು. ಆಟಕ್ಕಾದರೆ ಬ್ಲೂಟೂತ್‌ಗಿಂತ ೨.೪ ಗಿಗಾಹರ್ಟ್ಸ್ ರಿಸೀವರ್ ಇರುವುದೇ ಮೇಲು, ತಡವಾಗುವುದಿಲ್ಲ. ನೀವೂ ಕೊಳ್ಳುವಾಗ ಮಕ್ಕಳ ಕೈಗೇ ಕೊಟ್ಟು ನೋಡಿ.

ಮನೆಯಲ್ಲಿ ಅವನು ಎಡಗೈಯಿಂದ ಅದನ್ನು ಸರಾಗವಾಗಿ ಆಡಿಸುತ್ತಿದ್ದರೆ, ಅಂದಿನ ಏಟು ನೆನೆದು ನನ್ನ ಕರುಳು ಚುರುಕ್ ಅಂತು.